ಕಾಡಿನಂಚಿನ ಸಂಸಾರಿ: ತೇಜಸ್ವಿಯವರ ನೆನಪು

ಒಕ್ಕಲುತನದ ಈ ಪುಟದಲ್ಲಿ ಕಥೆಗಾರರೊಬ್ಬರ ಸುದ್ದಿ ಏತಕ್ಕೆಂದು ವಾಚಕರು ಕೇಳಬಹುದು. ಹತ್ತಿಯ ಕಾಯಿಕೊರಕ, ಶೇಂಗಾ ಬೀಜದ ಉಪಚಾರ, ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಈ ವಾರ ಬರುವುದೋ ಮುಂದಿನ ವಾರವೋ ಎಂಬ ಚಿಂತೆ, ಇವುಗಳ ನಡುವೆ ಮಲೆನಾಡಿನ ಸಾಹಿತಿಯೊಬ್ಬರಿಗೆ ಏನು ಕೆಲಸ? ಕೇಳುವುದು ನ್ಯಾಯವೇ. ಆದರೆ ಪೂರ್ಣಚಂದ್ರ ತೇಜಸ್ವಿಯವರು ಸಾಹಿತಿಯಾಗಿದ್ದಷ್ಟು ಕಾಲವೂ ಒಕ್ಕಲುಮಗನಾಗಿಯೇ ಇದ್ದರು. ಸುಮಾರು ನಾಲ್ಕು ದಶಕ ತಮ್ಮ ಜಮೀನಿನಲ್ಲೇ ಮನೆ ಮಾಡಿ, ಹೆಂಡತಿ ಮಕ್ಕಳೊಂದಿಗೆ ಅಲ್ಲಿಯೇ ಬಾಳಿ, ಅಲ್ಲಿಯೇ ಕಣ್ಣು ಮುಚ್ಚಿದರು. ಅಡವಿ ತಿರುಗುವ ಹುಚ್ಚು ಹತ್ತಿದವನು ಮನೆಗೆ ಆಗುವುದಿಲ್ಲ, ಮನೆವಾರ್ತೆ ಹಚ್ಚಿಕೊಂಡವನು ಅಡವಿಗೆ ಆಗುವುದಿಲ್ಲ ಎಂದು ನಮ್ಮ ಹಿರಿಯರು ಹೇಳುವುದುಂಟು. ಈ ಮಾತು ಅವರ ವಿಷಯದಲ್ಲಿ ಸುಳ್ಳಾಯಿತು. ಹೇಗೆ ಸುಳ್ಳಾಯಿತೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ನಮ್ಮ ಆಸೆ.

ಅವರು ಹುಟ್ಟಿದ್ದು ೧೯೩೮ನೆಯ ಇಸವಿ ಸೆಪ್ಟೆಂಬರ್ ೮ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿಯವರು. ನಾಲ್ವರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆಯವರು ೧೯೫೬ರಿಂದ ೧೯೬೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದವರು. ಅಂಥವರ ಮಗ ಅದೇ ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ ಕಾಲೇಜಿನ ಕುರ್ಚಿಯೊಂದು ದೊರೆಯುವುದು ಕಷ್ಟವಾಗಿತ್ತೇ? ಆದರೆ ಅವರು ಆ ಕಡೆ ತಲೆ ಹಾಕಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಹೋಗಿ ಭೂತನಕಾಡು ಎಂಬಲ್ಲಿ ಕಾಫಿ ತೋಟ ಮಾಡಿದರು. ಆ ತೋಟಕ್ಕೆ ಚಿತ್ರಕೂಟವೆಂದು ಹೆಸರು. ಮುಂದೆ ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ಬಳಿಯ ತೋಟಕ್ಕೆ ಬಂದು ಅದಕ್ಕೆ ನಿರುತ್ತರವೆಂದು ಹೆಸರಿಟ್ಟರು.

ನಮ್ಮ ಕಡೆ ಓದಿದ ಹುಡುಗ ಹೊಲಕ್ಕೆ ತಿರುಗಿ ಬಂದರೆ, ಪಾಪ, ನೌಕರಿ ಸಿಗಲಿಲ್ಲವೇನೋ ಎಂದು ಜನ ಕನಿಕರಪಡುತ್ತಾರೆ. ಹೆಣ್ಣು ಕೊಡುವವರು ಹಿಂದೆಗೆಯುತ್ತಾರೆ. ಮಾಸ್ತರಿಕೆಯ ತರಬೇತಿ ಮುಗಿಸಿದ ಮೇಲೂ ನಾವು ಎಡೆಕುಂಟೆ ಹಿಡಿಯುವುದನ್ನು ಬಿಡದಿದ್ದಾಗ ನಮ್ಮ ಬೀಗರೊಬ್ಬರು ಸಂಬಳದ ಚೀಟಿಯನ್ನು ತೋರಿಸಿರೆಂದು ಕೇಳಿದ್ದರು! ಅದಿರಲಿ. ಅರವತ್ತು ವರ್ಷಗಳ ಹಿಂದೆ, ಉಪಕುಲಪತಿಗಳ ಮಗ ಎಂ.ಎ. ಮಾಡಿ ಕಾಡಿನಂಚಿಗೆ ಹೋದಾಗ ಜನ ಎಷ್ಟು ಆಡಿಕೊಂಡಿರಬೇಕು, ವಾಚಕರೇ ಊಹಿಸಬಹುದು.

ಅವರ ಮದುವೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ೧೯೬೬ನೆಯ ಇಸವಿ ನವೆಂಬರಿನಲ್ಲಿ ರಾಜೇಶ್ವರಿಯವರೊಡನೆ ಅವರ ಮದುವೆಯಾಯಿತು. ರಾಜೇಶ್ವರಿಯವರು ಬೆಂಗಳೂರಿನಲ್ಲಿ ಬೆಳೆದು, ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿದವರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಹತ್ತೂರಿನ ಜನಕ್ಕೆ ಊಟವಿಲ್ಲ. ಕುವೆಂಪು ಅವರು ಇದಕ್ಕೆಂದು ಸಿದ್ಧಪಡಿಸಿದ ಮಾತುಗಳನ್ನು ಓದಿ, ಕೆಲವರೇ ಹತ್ತಿರದವರ ಮುಂದೆ ಗಂಡುಹೆಣ್ಣು ಒಬ್ಬರನ್ನೊಬ್ಬರು ಒಪ್ಪಿಕೊಂಡರು. ಇದೇ ಮಂತ್ರ ಮಾಂಗಲ್ಯವೆಂದು ಮುಂದೆ ನಾಡಿನಲ್ಲೆಲ್ಲ ಹೆಸರಾಯಿತು. ಕರ್ನಾಟಕದ ರೈತ ಸಂಘದವರೂ ಇಂಥ ಸರಳ ಮದುವೆಗಳನ್ನು ಊರೂರಿನಲ್ಲಿ ನಡೆಸಿದರು.

ಇದನ್ನು ಬೇಸಾಯದ ಪುಟದಲ್ಲಿ ಏಕೆ ಬರೆಯುತ್ತೇವೆಂದರೆ, ನಮ್ಮ ಎರೆಯ ಸೀಮೆಯಲ್ಲಿ ರೈತನ ಸಾಲ ಬೀಜ ಗೊಬ್ಬರದಿಂದ ಮಾತ್ರ ಬೆಳೆಯುವುದಿಲ್ಲ. ಮದುವೆಯ ಚಪ್ಪರದಿಂದಲೂ ಬೆಳೆಯುತ್ತದೆ. ಬೆಳೆಸಾಲಕ್ಕೆ ಬ್ಯಾಂಕಿನವರು ಹತ್ತು ಕಾಗದ ಕೇಳುತ್ತಾರೆ. ಮದುವೆಯ ಸಾಲಕ್ಕೆ ಯಾರೂ ಏನನ್ನೂ ಕೇಳುವುದಿಲ್ಲ, ಬಡ್ಡಿಯೊಂದನ್ನು ಬಿಟ್ಟು. ಎರಡೆಕರೆ ಮಾರಿ ಮಗಳ ಮದುವೆ ಮಾಡಿ, ಮರುವರ್ಷ ಅದೇ ಹೊಲಕ್ಕೆ ಕೂಲಿಗೆ ಹೋದವರನ್ನು ನಾವು ಬಲ್ಲೆವು. ಸಂಸಾರವನ್ನು ಪ್ರೀತಿಸುವುದೆಂದರೆ ಅದನ್ನು ಸಾಲದಿಂದ ಆರಂಭಿಸದಿರುವುದೂ ಸೇರಿತೆಂದು ನಮಗೆ ತೋರುತ್ತದೆ.

ಮೂಡಿಗೆರೆಗೂ ಎಮ್ಮಿಗನೂರಿಗೂ ಏನೇನೂ ಹೋಲಿಕೆಯಿಲ್ಲ. ನಮ್ಮಲ್ಲಿ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆಯಾದರೆ ಸುಗ್ಗಿ ಚೆನ್ನಾಯಿತೆನ್ನುತ್ತೇವೆ. ಅಲ್ಲಿ ಅದರ ಮೂರ್ನಾಲ್ಕು ಪಟ್ಟು ಸುರಿಯುತ್ತದೆ. ಹೇಮಾವತಿ ನದಿ ಹುಟ್ಟುವುದೇ ಆ ತಾಲ್ಲೂಕಿನಲ್ಲಿ. ನಾವು ಮುಗಿಲು ನೋಡಿ ಮಳೆ ಬಾರದೆಂದು ಅಳುತ್ತೇವೆ, ಅವರು ಮುಗಿಲು ನೋಡಿ ಮಳೆ ನಿಲ್ಲದೆಂದು ಅಳುತ್ತಾರೆ. ಅಳು ಮಾತ್ರ ಒಂದೇ. ಬೆಲೆಯ ಕಷ್ಟವೂ ಒಂದೇ. ೧೯೪೨ರ ಕಾಯಿದೆಯ ಪ್ರಕಾರ ಬೆಳೆದ ಕಾಫಿಯನ್ನು ರೈತರು ಕಾಫಿ ಮಂಡಳಿಗೇ ಒಪ್ಪಿಸಬೇಕಾಗಿತ್ತು. ಹಣ ಒಂದೇ ಸಲ ಬರುತ್ತಿರಲಿಲ್ಲ. ಮಂಡಳಿ ಮಾರಿದಂತೆಲ್ಲ ಕಂತುಕಂತಾಗಿ ಬರುತ್ತಿತ್ತು. ಈ ಕಟ್ಟು ಸಡಿಲಗೊಂಡದ್ದು ೧೯೯೨ರಿಂದ ಈಚೆಗೆ, ಪೂರ್ತಿ ಬಿಟ್ಟುಹೋದದ್ದು ೧೯೯೬ರಲ್ಲಿ. ಎಂದಮೇಲೆ ತೇಜಸ್ವಿಯವರ ಬೇಸಾಯದ ಬಹುಪಾಲು ವರ್ಷಗಳು ಕಂತಿನ ಹಣವನ್ನು ಕಾಯುವುದರಲ್ಲೇ ಕಳೆದವು. ಅವರು ಕಾಫಿ ತೋಟದ ದೊಡ್ಡ ಸಾಹುಕಾರರೆಂದು ತಿಳಿಯುವವರು ಇದನ್ನು ನೆನಪಿಡಬೇಕು.

ಆ ಜೀವನದಲ್ಲಿ ಅವರು ಏನೇನು ಮಾಡುತ್ತಿದ್ದರೆಂಬುದನ್ನು ಹೇಳಹೊರಟರೆ ಪಟ್ಟಿ ಉದ್ದವಾದೀತು. ಕೋವಿ ಹಿಡಿದು ಕಾಡು ಸುತ್ತಿದರು. ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಗಂಟೆಗಟ್ಟಲೆ ಕೂತರು. ಸ್ಕೂಟರು ಕೆಟ್ಟರೆ ತಾವೇ ಬಿಚ್ಚಿ ಜೋಡಿಸಿದರು. ಸಿತಾರ್ ಕಲಿತರು, ಚಿತ್ರ ಬರೆದರು. ಸ್ನೇಹಿತರ ಜೊತೆ ಮೀನು ಹಿಡಿಯಲೆಂದು ಅಂಡಮಾನಿಗೆ ಹೋಗಿ ಬಂದು ಪುಸ್ತಕ ಬರೆದರು. ವಯಸ್ಸಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು, ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಹಟ ಹಿಡಿದರು. ಸಭೆ ಸನ್ಮಾನಗಳೆಂದರೆ ಮಾತ್ರ ದೂರ. ಕರೆದರೂ ಹೋಗುವವರಲ್ಲ. ಹೀಗೆ ಉಳಿದ ಹೊತ್ತೆಲ್ಲ ಮನೆಗೂ ತೋಟಕ್ಕೂ ದಕ್ಕಿತು.

ಬೇಟೆಯ ಮಾತು ಬಂತು. ೧೯೭೨ರಲ್ಲಿ ವನ್ಯಜೀವಿ ಕಾಯಿದೆ ಬಂದು ಬೇಟೆ ನಿಂತಿತು. ಕಾಯಿದೆಗೆ ಹೆದರಿ ಕೋವಿಯನ್ನು ಅಟ್ಟಕ್ಕೆ ಸೇರಿಸಿದವರು ಅನೇಕರು. ಅವರ ಕಣ್ಣುಗಳೂ ಕೋವಿಯ ಜೊತೆಗೇ ಅಟ್ಟ ಸೇರಿದವು. ತೇಜಸ್ವಿಯವರು ಕೋವಿಯ ಜಾಗದಲ್ಲಿ ಕ್ಯಾಮೆರಾ ಹಿಡಿದರು. ಬೇಟೆಗಾರನಿಗೆ ಬೇಕಾದ ಗುಣಗಳೇ ಹಕ್ಕಿಯ ಚಿತ್ರ ತೆಗೆಯುವವನಿಗೂ ಬೇಕು: ಗಾಳಿ ಎತ್ತಲಿಂದ ಬೀಸುತ್ತದೆಂಬ ಅರಿವು, ಸದ್ದಿಲ್ಲದ ಹೆಜ್ಜೆ, ಮರೆಯಲ್ಲಿ ಅಲುಗಾಡದೆ ಕೂರುವ ತಾಳ್ಮೆ. ಕೋವಿಯಿಂದ ಹೊಡೆದರೆ ಹಕ್ಕಿಯ ಕಥೆ ಅಲ್ಲಿಗೇ ಮುಗಿಯಿತು. ಕ್ಯಾಮೆರಾ ಹಿಡಿದವನು ನಾಳೆಯೂ ಅದೇ ಗೂಡಿನ ಬಳಿಗೆ ಹೋಗಬೇಕು, ಮರಿ ಒಡೆದದ್ದನ್ನು ನೋಡಬೇಕು, ಯಾವ ಹುಳವನ್ನು ತಂದು ಉಣಿಸುತ್ತದೆಂದು ಎಣಿಸಬೇಕು. ಅವರು ತೆಗೆದದ್ದು ಫಿಲ್ಮಿನ ಕಾಲದ ಚಿತ್ರಗಳು. ಈಗಿನಂತೆ ನೂರು ಹೊಡೆದು ಒಂದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಒಂದೊಂದಕ್ಕೂ ಕಾಸು ಬೀಳುತ್ತಿತ್ತು.

೧೯೯೧ರಲ್ಲಿ ಬಂದ 'ಪರಿಸರದ ಕತೆ'ಯಲ್ಲಿ ಈ ತಿರುಗಾಟವೆಲ್ಲ ಇದೆ. ಕಿವಿ ಎಂಬ ಅವರ ನಾಯಿ ಇದೆ. ಮಾಸ್ತಿ, ಬೈರ ಮೊದಲಾದ ಕಾಡು ಬಲ್ಲ ಜನ ಇದ್ದಾರೆ. ಮಗಳೂ ಒಂದು ಹಕ್ಕಿಮರಿಯೂ ಇರುವ ಬರಹವೂ ಉಂಟು. ಸಂಸಾರ ಬೇರೆ, ಅಡವಿ ಬೇರೆ ಎಂದು ಆ ಪುಸ್ತಕದಲ್ಲಿ ಗೋಡೆ ಎದ್ದಿಲ್ಲ. ಅಂಗಳದಲ್ಲಿ ನಡೆದದ್ದು, ತೋಟದಲ್ಲಿ ನಡೆದದ್ದು, ಕಾಡಿನಲ್ಲಿ ನಡೆದದ್ದು ಎಲ್ಲವೂ ಒಂದೇ ಮನೆಯ ಸುದ್ದಿಯೆಂಬಂತೆ ಬರುತ್ತದೆ. ತಂದೆ ಅಡವಿಯಿಂದ ಬಂದು ಕಂಡದ್ದನ್ನು ಹೇಳಬೇಕು, ಮಕ್ಕಳು ಅಂಗಳದಲ್ಲಿ ಕಂಡದ್ದನ್ನು ತಂದೆಗೆ ಹೇಳಬೇಕು. ಅಡವಿ ತಿರುಗುವವನು ಮನೆಗೂ ಆಗುವುದು ಹೀಗೆಯೇ ಎಂದು ನಾವು ತಿಳಿದೆವು.

ಕೋಪಿಷ್ಠ, ಮಾತು ನಿಷ್ಠುರ ಎಂದು ಅವರನ್ನು ಕಂಡವರು ಹೇಳುತ್ತಾರೆ, ಇದ್ದೀತು. ಪ್ರಾಣಿಗಳ ಮೇಲೆ ಕಣ್ಣೀರು ಸುರಿಸುವ ಬಗೆಯ ದಯೆ ಅವರ ಬರಹದಲ್ಲಿಲ್ಲ. ಮೀನನ್ನು ಹಿಡಿದದ್ದನ್ನೂ ತಿಂದದ್ದನ್ನೂ ಮುಚ್ಚಿಡುವುದಿಲ್ಲ. ಇದು ನಮಗೆ ಹಿಡಿಸಿತು. ರೈತನಾದವನು ಹಂದಿಯನ್ನೂ ಇಲಿಯನ್ನೂ ಪೂಜಿಸುತ್ತ ಕೂರಲಾರನು. ನಮ್ಮ ಪಶ್ಚಿಮದ ಮಂಡಲಗಳಲ್ಲಿ, ಅದರಲ್ಲೂ ಆಲೂರಿನ ಕಡೆ, ಚಿಗರೆಯ ಹಿಂಡು ಬಿದ್ದು ಮೊಳಕೆಯನ್ನೆಲ್ಲ ಮೇಯ್ದು ಹೋಗುವುದು ಎಲ್ಲರಿಗೂ ಗೊತ್ತು. ಅದೇ ಕೃಷ್ಣಮೃಗ ಆಂಧ್ರದ ರಾಜ್ಯಮೃಗ! ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಆದರೆ ಮೇಯ್ದ ಬೆಳೆಯ ನಷ್ಟವನ್ನು ಬಡ ರೈತನೊಬ್ಬನೇ ಹೊರಬೇಕೆನ್ನುವುದೂ ನ್ಯಾಯವಲ್ಲ. ಪಟ್ಟಣದಲ್ಲಿ ಕೂತು ಅಡವಿಯನ್ನು ಪ್ರೀತಿಸುವವರಿಗೆ ಈ ಇಕ್ಕಟ್ಟು ತಿಳಿಯದು. ತೇಜಸ್ವಿಯವರಿಗೆ ತಿಳಿದಿತ್ತು, ಏಕೆಂದರೆ ಅವರ ಬೆಳೆಯೂ ಕಾಡಿನ ಪಕ್ಕದಲ್ಲೇ ಇತ್ತು.

ಈಗ 'ಕರ್ವಾಲೊ' ವಿಷಯಕ್ಕೆ ಬರೋಣ. ೧೯೮೦ರಲ್ಲಿ ಬಂದ ಕಾದಂಬರಿ ಇದು. ಕಥೆ ಹೇಳುವಾತ ಬೇಸಾಯದಿಂದ ಬೇಸತ್ತು ಜಮೀನು ಮಾರಿಬಿಡುವ ಯೋಚನೆಯಲ್ಲಿರುವವನು. ಕರ್ವಾಲೊ ಎಂಬುವರು ವಿಜ್ಞಾನಿ. ಇನ್ನು ಮಂದಣ್ಣ: ಜೇನು ಸಾಕುವ, ಓದು ತಲೆಗೆ ಹತ್ತದ, ಹೇಗಾದರೂ ಒಂದು ಜವಾನನ ಕೆಲಸ ಸಿಕ್ಕರೆ ಸಾಕೆಂದು ಹಂಬಲಿಸುವ ಹಳ್ಳಿಯ ಹುಡುಗ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಆದರೆ ಹಾರುವ ಓತಿಯನ್ನು ಕಂಡವನು ಅವನು! ದೊಡ್ಡ ವಿಜ್ಞಾನಿ ಆ ಹುಡುಗನ ಬೆನ್ನು ಹತ್ತುತ್ತಾರೆ, ಅವನ ಕಣ್ಣನ್ನು ನಂಬುತ್ತಾರೆ. ಹಾರುವ ಓತಿ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಇಂದಿಗೂ ಮರದಿಂದ ಮರಕ್ಕೆ ತೇಲಿಹೋಗುವ ಪ್ರಾಣಿ. ಕಥೆಯ ಕೊನೆಯಲ್ಲಿ ಏನಾಗುತ್ತದೆಂದು ನಾವು ಹೇಳುವುದಿಲ್ಲ, ಓದುವವರ ಸುಖವನ್ನು ಕೆಡಿಸಬಾರದು.

ಈ ಮಂದಣ್ಣನಂಥವರು ನಮ್ಮ ಶಾಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಸಂಕ್ರಾಂತಿ ಕಳೆದು ನೀಲಕಂಠೇಶ್ವರನ ಜಾತ್ರೆಯ ತೇರು ಎಳೆದರೆಂದರೆ ನಮ್ಮ ಊರುಗಳು ಬರಿದಾಗುತ್ತವೆ. ಜನ ಗುಳೆ ಹೋಗುತ್ತಾರೆ, ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಹೆಚ್ಚಿನವರು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು. ಮನೆಗೆ ಬೀಗ, ಬಾಗಿಲಲ್ಲಿ ಮುದುಕರು, ಶಾಲೆಯಲ್ಲಿ ಅರ್ಧ ಖಾಲಿ ಮಣೆಗಳು. ಹಾಜರಿ ಪುಸ್ತಕದಲ್ಲಿ ಸಾಲುಸಾಲಾಗಿ ಗೈರುಹಾಜರಿಯ ಗುರುತು ಹಾಕುವಾಗ ಮಾಸ್ತರನ ಕೈಗೆ ಆಗುವ ನೋವು ಮಾಸ್ತರನಿಗೇ ಗೊತ್ತು. ಏಪ್ರಿಲಿನಲ್ಲಿ ಅವರು ಬಿಸಿಲಿಗೆ ಕಪ್ಪಾಗಿ ತಿರುಗಿ ಬಂದಾಗ, ಹಿಂದೆ ಬಿದ್ದವರೆಂದು ಅವರನ್ನು ಬೇರೆ ಕೂರಿಸುವುದು ವಾಡಿಕೆ.

ನಮ್ಮ ತರಗತಿಯಲ್ಲಿ ನಾವು ಹಾಗೆ ಮಾಡುವುದಿಲ್ಲ. ಗುಳೆಯಿಂದ ಬಂದ ಮಕ್ಕಳಿಗೆ, ಅಲ್ಲಿ ಕಂಡದ್ದನ್ನು ಹೇಳಿರೆಂದು ಕೇಳುತ್ತೇವೆ. ೨೦೨೨ರ ಬೇಸಿಗೆಯಲ್ಲಿ ಐದನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಹೇಳಿದ ಮಾತು ಇನ್ನೂ ನೆನಪಿದೆ. "ಸಾರ್, ಈ ಸಲ ಕಾಯಿ ಇಲ್ಲ. ಹೂವು ಕೊಡವಿದರೆ ಕರೀ ಪುಡಿ ಬಿದ್ದಂಗೆ ಹುಳ ಬೀಳ್ತಾವೆ. ಮೊದಲಿನ ಹುಳ ಎಲೀಗೆ ಬರ್ತಿತ್ತು, ಇದು ಹೂವಿನಾಗ ಕುಂತೈತಿ" ಎಂದ. ಅವನು ಹೇಳಿದ್ದು ನಿಜವಾಗಿತ್ತು. ೨೦೨೧-೨೨ರ ಹಂಗಾಮಿನಲ್ಲಿ ಆಂಧ್ರದ ಮೆಣಸಿನ ಬೆಳೆಯನ್ನು ಹಾಳುಗೆಡಹಿದ್ದು ಹೊರದೇಶದಿಂದ ಬಂದ ಹೊಸ ಬಗೆಯ ಕರಿ ಥ್ರಿಪ್ಸ್ ನುಸಿ. ತೆಲುಗಿನಲ್ಲಿ ಇದನ್ನು ನಲ್ಲ ತಾಮರ ಪುರುಗು ಎನ್ನುತ್ತಾರೆ. ಹಳೆಯ ನುಸಿ ಎಲೆಯನ್ನು ಮುರುಟಿಸಿದರೆ ಇದು ಗುಂಪುಗುಂಪಾಗಿ ಹೂವಿಗೇ ಮುತ್ತಿ ಹೂವನ್ನು ಉದುರಿಸುತ್ತದೆ. ಈ ವ್ಯತ್ಯಾಸವನ್ನು ಹತ್ತು ವರ್ಷದ ಹುಡುಗ, ಮೆಣಸಿನ ಸಾಲಿನ ನಡುವೆ ತಂಗಿಯನ್ನು ಎತ್ತಿಕೊಂಡು ನಿಂತಲ್ಲಿಯೇ ಕಂಡುಕೊಂಡಿದ್ದ. ಅವನಿಗೆ ಮೂರು ತಿಂಗಳ ಪಾಠ ತಪ್ಪಿದ್ದು ಹೌದು. ಆದರೆ ಅವನು ಏನೂ ಕಲಿಯದೆ ಬಂದನೆಂದು ಯಾರು ಹೇಳಬಲ್ಲರು? ಅವನ ಕಣ್ಣನ್ನು ನಂಬುವ ಕರ್ವಾಲೊ ಒಬ್ಬರು ಬೇಕಾಗಿತ್ತು, ಅಷ್ಟೇ.

ಆ ಹುಡುಗ ಈಗ ಓದುತ್ತಿದ್ದಾನೋ ಎಂದು ಕೇಳುವವರಿಗೆ ಉತ್ತರ: ಆರನೆಯ ತರಗತಿಗೆ ಸೇರಿದ, ಏಳನೆಯದರಲ್ಲಿ ಬಿಟ್ಟ. ಈಗ ಅಪ್ಪನ ಜೊತೆ ಬೆಂಗಳೂರಿನಲ್ಲಿದ್ದಾನೆ.

ತೇಜಸ್ವಿಯವರ ಬಾಳನ್ನು ಹೊಗಳುವಾಗ ಈ ಮಾತನ್ನು ಮರೆಯಬಾರದು. ಅವರಿಗೆ ಸ್ವಂತ ಜಮೀನಿತ್ತು, ಓದಿತ್ತು, ಮಳೆಯಿತ್ತು, ತಂದೆಯ ಹೆಸರಿತ್ತು. ಹೆಂಡತಿ ಮಕ್ಕಳೊಡನೆ ನೆಲದ ಮೇಲೆ ನಿಲ್ಲುವುದನ್ನು ಅವರು ಆರಿಸಿಕೊಂಡರು. ನಮ್ಮ ಗುಳೆಯ ಜನಕ್ಕೆ ಆರಿಸಿಕೊಳ್ಳುವ ಅವಕಾಶವೇ ಇಲ್ಲ. ನೀರಿಲ್ಲದ ಹೊಲವನ್ನು ಬಿಟ್ಟು ಹೋಗುವ ತಂದೆ ಸಂಸಾರವನ್ನು ಕಡಿಮೆ ಪ್ರೀತಿಸುವನೇ? ಸಂಸಾರ ಒಡೆಯದಿರಲೆಂದೇ ಅಲ್ಲವೇ ಅವನು ಮಕ್ಕಳನ್ನೂ ಕಂಕುಳಲ್ಲಿಟ್ಟುಕೊಂಡು ಲಾರಿ ಹತ್ತುವುದು! ಹಳ್ಳಿಗೆ ಹಿಂದಿರುಗಿರೆಂದು ಪಟ್ಟಣದವರು ಬರೆಯುವ ಲೇಖನಗಳನ್ನು ಓದಿದಾಗ ನಮಗೆ ನಗು ಬರುತ್ತದೆ. ಕಾಲುವೆಯ ಕೊನೆಯ ಊರಿಗೂ ನೀರು ಮುಟ್ಟಿದರೆ ಯಾರೂ ಹೇಳದೆಯೇ ಹಿಂದಿರುಗುತ್ತಾರೆ.

ಹಾಗಾದರೆ ಮೂಡಿಗೆರೆಯ ತೋಟಗಾರರಿಂದ ಎಮ್ಮಿಗನೂರಿನ ಒಣಬೇಸಾಯದವನಿಗೆ ದೊರೆಯುವುದೇನು? ದೊರೆಯುವುದು ನೋಡುವ ಕಣ್ಣು, ಕಂಡದ್ದನ್ನು ಮನೆಯಲ್ಲಿ ಹೇಳುವ ನಾಲಗೆ. ಇದಕ್ಕೆ ಕಾಸು ಬೇಡ.

ಅವರ 'ಕನ್ನಡನಾಡಿನ ಹಕ್ಕಿಗಳು' ಪುಸ್ತಕವನ್ನು ನಾವು ಒಂದು ವರ್ಷ ಶಾಲೆಗೆ ಒಯ್ದೆವು. ಹತ್ತಿಯ ಹೊಲದ ಬದುವಿನ ಮೇಲೆ ಮಕ್ಕಳನ್ನು ನಡೆಸಿ, ಕಂಡ ಹಕ್ಕಿಯ ಹೆಸರನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆಯಿರೆಂದೆವು. ಮಕ್ಕಳಿಗೆ ಹೆಚ್ಚಿನವುಗಳ ಹೆಸರು ಎರಡರಲ್ಲೂ ಗೊತ್ತಿರಲಿಲ್ಲ, ಎಲ್ಲವೂ ಪಿಟ್ಟ! ಆದರೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಿರೆಂದು ಕಳಿಸಿದಾಗ ಮರುದಿನ ಹೆಸರುಗಳ ರಾಶಿಯೇ ಬಂತು: ಕಾಜಾಣ, ಗೌಜಲ, ಲಾವುಗೆ, ಬೆಳ್ಳಕ್ಕಿ, ಟಿಟ್ಟಿಭ. ತೆಲುಗಿನವರ ಪಾಲಪಿಟ್ಟ ನಮ್ಮ ನೀಲಕಂಠವೆಂದು ತಿಳಿದಾಗ ಮಕ್ಕಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ, ಏಕೆಂದರೆ ಊರ ದೇವರ ಹೆಸರೂ ಅದೇ. ಆ ಹಕ್ಕಿ ಕರ್ನಾಟಕದ ರಾಜ್ಯಪಕ್ಷಿ. ಆಂಧ್ರಕ್ಕೂ ಅದೇ ಆಗಿತ್ತು. ೨೦೧೮ರಲ್ಲಿ ಆಂಧ್ರದವರು ಅದನ್ನು ಬಿಟ್ಟು ರಾಮಚಿಲುಕವೆಂಬ ಗಿಣಿಯನ್ನು ಆರಿಸಿಕೊಂಡರು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ೧೯೫೩ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ನೀಲಕಂಠ ಹಕ್ಕಿ ಮಾತ್ರ ಎರಡೂ ಕಡೆಯ ತಂತಿಯ ಮೇಲೆ ಕೂರುತ್ತದೆ.

ಅಜ್ಜಿಯರು ಹೇಳಿದ ಹೆಸರುಗಳಲ್ಲಿ ಒಂದಕ್ಕೆ ಮಾತ್ರ ಹಕ್ಕಿ ಸಿಗಲಿಲ್ಲ. ಅದು ಎರ್ಲಡ್ಡು. ಎರೆಭೂತವೆಂದೂ ಕರೆಯುತ್ತಾರೆ, ತೆಲುಗಿನಲ್ಲಿ ಬಟ್ಟಮೇಕ. ಸುಮಾರು ಒಂದು ಮೀಟರ್ ಎತ್ತರದ, ಎರೆಹೊಲದಲ್ಲಿ ಗಂಭೀರವಾಗಿ ನಡೆದಾಡುವ ಭಾರಿ ಹಕ್ಕಿ. ವರ್ಷಕ್ಕೆ ಒಂದೇ ಮೊಟ್ಟೆಯನ್ನು, ಅದೂ ಬರಿನೆಲದ ಮೇಲೆ ಇಡುವಂಥದು. ಇದಕ್ಕಾಗಿಯೇ ಹಿಂದಿನ ಕರ್ನೂಲು ಜಿಲ್ಲೆಯ ರೋಳ್ಳಪಾಡಿನಲ್ಲಿ ೧೯೮೮ರಲ್ಲಿ ರಕ್ಷಿತ ಬಯಲು ಮಾಡಿದರು. ಆ ಊರು ಈಗ ನಂದ್ಯಾಲ ಜಿಲ್ಲೆಗೆ ಸೇರಿದೆ. ಈಚಿನ ವರ್ಷಗಳಲ್ಲಿ ಅಲ್ಲಿ ಅದು ಕಾಣಸಿಗುವುದೇ ದುರ್ಲಭ. ಗಡಿಯಾಚೆ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಹುಲ್ಲುಬಯಲು ಉಳುಮೆಗೆ ಹೋಯಿತು, ಕಾಲುವೆ ಬಂದು ಬೆಳೆ ಬದಲಾಯಿತು, ವಿದ್ಯುತ್ತಿನ ತಂತಿಗಳಿಗೆ ಬಡಿದು ಸತ್ತವೂ ಉಂಟು. ತೇಜಸ್ವಿಯವರು ಮಲೆನಾಡಿನ ಬದಲು ನಮ್ಮ ಎರೆಯಲ್ಲಿ ಹುಟ್ಟಿದ್ದರೆ, ಹಾರುವ ಓತಿಯ ಬೆನ್ನು ಹತ್ತಿದಂತೆ ಈ ಎರ್ಲಡ್ಡುವಿನ ಬೆನ್ನು ಹತ್ತುತ್ತಿದ್ದರೆಂದು ನಮಗೆ ಅನ್ನಿಸುತ್ತದೆ.

ಹಕ್ಕಿ ನೋಡುವುದು ಹೊಟ್ಟೆ ತುಂಬಿದವರ ಕೆಲಸವೆಂದು ಕೆಲವರ ಅಭಿಪ್ರಾಯ. ಅವರಿಗೆ ಒಂದು ಉಪಯೋಗದ ಮ���ತು. ಕಡಲೆ, ತೊಗರಿ, ಹತ್ತಿಯ ಹೊಲಗಳಲ್ಲಿ ಬೆಳೆಗಿಂತ ಒಂದೆರಡು ಅಡಿ ಎತ್ತರಕ್ಕೆ, ತಲೆಯ ಮೇಲೆ ಅಡ್ಡ ಕೋಲು ಕಟ್ಟಿದ ಗೂಟಗಳನ್ನು ಎಕರೆಗೆ ೧೦ರಿಂದ ೨೦ರವರೆಗೆ ನೆಡುವುದು ಒಳ್ಳೆಯದು. ಪಕ್ಷಿ ಸ್ಥಾವರಗಳೆಂದು ಕೃಷಿ ಇಲಾಖೆಯವರು ತೆಲುಗಿನಲ್ಲಿ ಹೇಳುವುದು ಇದನ್ನೇ. ಕಾಜಾಣ, ಗೊರವಂಕ ಮೊದಲಾದವು ಅಲ್ಲಿ ಕೂತು ಕಾಯಿಕೊರಕದ ಹುಳುವನ್ನು ಹೆಕ್ಕುತ್ತವೆ. ರಾತ್ರಿ ಗೂಬೆ ಕೂತರೆ ಇಲಿಯ ಕಾಟ ಇಳಿಯುತ್ತದೆ. ಗೂಬೆಯನ್ನು ಅಪಶಕುನವೆಂದು ಕಲ್ಲು ಹೊಡೆಯುವುದನ್ನು ನಿಲ್ಲಿಸಬೇಕು. ಜೋಳದ ತೆನೆ ಹಾಲುಗಟ್ಟುವಾಗ ಮಾತ್ರ ಆ ಗೂಟಗಳನ್ನು ಕಿತ್ತುಬಿಡುವುದು ಲೇಸು, ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗೂ ಅದೇ ಪೀಠವಾಗುತ್ತದೆ. ಗೂಟ ನೆಟ್ಟ ಮೇಲೆ ಔಷಧಿಯನ್ನು ಬೇಕಾಬಿಟ್ಟಿ ಹೊಡೆದರೆ ಸತ್ತ ಹುಳು ತಿಂದು ಹಕ್ಕಿಯೂ ಸಾಯುತ್ತದೆ, ಇದು ಹೇಳಬೇಕಾದ ಮಾತೇ ಅಲ್ಲ.

ಅವರ 'ಸಹಜ ಕೃಷಿ' ಎಂಬ ಚಿಕ್ಕ ಪುಸ್ತಕವನ್ನು ಇಲ್ಲಿ ನೆನೆಯಬಹುದು. ಜಪಾನಿನ ಮಸನೊಬು ಫುಕುವೋಕ ಎಂಬ ರೈತನ ವಿಚಾರಗಳನ್ನು ಕನ್ನಡಿಗರಿಗೆ ಪರಿಚಯಿಸಿದ ಪುಸ್ತಕ. ಉಳದೆ, ರಸಗೊಬ್ಬರವಿಲ್ಲದೆ, ಔಷಧಿಯಿಲ್ಲದೆ, ಹುಲ್ಲನ್ನೇ ನೆಲಕ್ಕೆ ಹೊದಿಸಿ ಬೆಳೆ ತೆಗೆಯಬಹುದೆಂದು ತೋರಿಸಿದವರು ಫುಕುವೋಕ. ಅವರ ನೆಲದಲ್ಲಿ ಮಳೆ ಹೇರಳ. ನಮ್ಮ ಎರೆಯಲ್ಲಿ ಬೇಸಿಗೆಗೆ ಆಳದ ಬಿರುಕು ಬಿಡುತ್ತದೆ, ದನಕ್ಕೇ ಸಾಲದ ಸೊಪ್ಪೆಯನ್ನು ನೆಲಕ್ಕೆ ಹೊದಿಸುವುದೆಲ್ಲಿಂದ? ಆದುದರಿಂದ ಅದನ್ನು ಇದ್ದಂತೆಯೇ ಇಲ್ಲಿ ಮಾಡಿರೆಂದು ನಾವು ಹೇಳಲಾರೆವು. ಆದರೆ ಹತ್ತಿಯ ಕಟ್ಟಿಗೆಗೆ ಬೆಂಕಿ ಇಡುವ ಬದಲು ಕತ್ತರಿಸಿ ಮಣ್ಣಿಗೆ ಸೇರಿಸುವುದು ಸಾಧ್ಯವಿದೆ. ನಮ್ಮ ಅರ್ಧ ಎಕರೆಯಲ್ಲಿ ಇದನ್ನು ಮಾಡುತ್ತಿದ್ದೇವೆ. ಕಟ್ಟಿಗೆಯಲ್ಲಿ ಗುಲಾಬಿ ಕಾಯಿಕೊರಕ ಉಳಿದುಕೊಂಡೀತೆಂಬ ಭಯವಿರುವವರು ಕೊನೆಯ ಬಿಡಿಸುವಿಕೆಯ ನಂತರ ಕುರಿ ಮೇಯಿಸಿ, ಉಳಿದ ಕಾಯಿಯನ್ನೆಲ್ಲ ಆಯ್ದು ಸುಟ್ಟು, ಆಮೇಲೆ ಕಟ್ಟಿಗೆಯನ್ನು ಕತ್ತರಿಸಬೇಕು.

ಇನ್ನೊಂದು ಸಂಗತಿ ನಮ್ಮ ಸೀಮೆಯವರಿಗೆ ವಿಶೇಷವಾದದ್ದು. ಕೆನೆತ್ ಆಂಡರ್ಸನ್ ಎಂಬ ಬೆಂಗಳೂರಿನ ಬೇಟೆಗಾರರ ಕಥೆಗಳನ್ನು ತೇಜಸ್ವಿಯವರು ನಾಲ್ಕು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಅದರಲ್ಲೊಂದರ ಹೆಸರು 'ಪೆದ್ದಚೆರುವಿನ ರಾಕ್ಷಸ'. ಯುಗಾದಿಗೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿಗೆ ಪೆದ್ದಚೆರುವು ಹೊಸ ಹೆಸರಲ್ಲ. ನಾಗಲೂಟಿ ದಾಟಿ, ನಲ್ಲಮಲದ ಒಳಗೆ ಕೆರೆಯ ದಂಡೆಯಲ್ಲಿ ಕಾಲು ಚಾಚಿ ಕೂತು, ಮುಂದೆ ಭೀಮನ ಕೊಳ್ಳದ ಏರಿಗೆ ದಮ್ಮು ಕಟ್ಟುವ ಜಾಗ ಅದು. ನಮ್ಮೂರಿನ ಹಾದಿಯಾಗಿಯೇ ಕರ್ನಾಟಕದ ಸಾವಿರಾರು ಮಂದಿ ಪ್ರತಿವರ್ಷ ಮಲ್ಲಯ್ಯನ ಹೆಸರು ಹೇಳುತ್ತ ಹೋಗುತ್ತಾರೆ. ಮುಂದಿನ ಸಲ ಹೋಗುವವರು ಈ ಪುಸ್ತಕವನ್ನು ಓದಿ ಹೋಗಲಿ. ರಾತ್ರಿ ಬಿಡಾರದಲ್ಲಿ ಹೇಳಿಕೊಳ್ಳಲು ಒಳ್ಳೆಯ ಕಥೆ. ಹೆದರುವವರು ಹಗಲಿನಲ್ಲೇ ಓದಬೇಕು!

ತೇಜಸ್ವಿಯವರು ೨೦೦೭ನೆಯ ಇಸವಿ ಏಪ್ರಿಲ್ ೫ರಂದು ನಿರುತ್ತರದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಅರವತ್ತೆಂಟು. ಕುಪ್ಪಳಿಯ ಕವಿಶೈಲದ ಹತ್ತಿರ ಅವರ ಸ್ಮಾರಕವಿದೆ. ರಾಜೇಶ್ವರಿಯವರು ಆ ಮನೆ ತೋಟಗಳನ್ನು ಬಿಡಲಿಲ್ಲ. ಗಂಡ ಬದುಕಿರುವಷ್ಟು ದಿನ ಬರೆಯುವ ಕೆಲಸ ಅವರದೆಂದು ಹಿಂದೆ ನಿಂತಿದ್ದ ಈ ಹೆಣ್ಣುಮಗಳು, ಎಪ್ಪತ್ತರ ವಯಸ್ಸಿನ ಮೇಲೆ 'ನನ್ನ ತೇಜಸ್ವಿ' ಎಂಬ ದೊಡ್ಡ ಪುಸ್ತಕವನ್ನೇ ಬರೆದರು. ಗಂಡನನ್ನು ದೇವರು ಮಾಡದೆ, ತೋಟದ ಕಷ್ಟ, ಮನೆಯ ಲೆಕ್ಕ, ಬಂದುಹೋದ ಜನ ಎಲ್ಲವನ್ನೂ ಇದ್ದಂತೆ ಹೇಳಿದ್ದಾರೆ. ೨೦೨೧ರ ಡಿಸೆಂಬರಿನಲ್ಲಿ ಅವರೂ ತೀರಿಕೊಂಡರು. ಒಬ್ಬ ಗೃಹಸ್ಥನ ಬಗೆಗೆ ಊರಿನವರು ಏನೆನ್ನುತ್ತಾರೆಂಬುದು ಬೇರೆ, ಅವನ ಮನೆಯಾಕೆ ಏನೆನ್ನುತ್ತಾಳೆಂಬುದು ಬೇರೆ. ಎರಡನೆಯದೇ ಹೆಚ್ಚು ನಂಬತಕ್ಕದ್ದು. ನಮ್ಮ ಮನೆಯವರು ಆ ಪುಸ್ತಕವನ್ನು ಓದಿ ಮುಗಿಸಿ, "ಇಷ್ಟು ಬರೆಯೋದಕ್ಕೆ ನೀವೇನು ಮಾಡೀರಿ?" ಎಂದು ನಮ್ಮನ್ನು ಕೇಳಿದರು. ಸದ್ಯಕ್ಕೆ ಉತ್ತರ ಕೊಟ್ಟಿಲ್ಲ.

ಅವರ ಪುಸ್ತಕಗಳನ್ನು ಹೊರತಂದವರು ಮೈಸೂರಿನ ಪುಸ್ತಕ ಪ್ರಕಾಶನದವರು. ಬಳ್ಳಾರಿಗೋ ರಾಯಚೂರಿಗೋ ಹತ್ತಿ ಮಾರಲು, ಆಸ್ಪತ್ರೆಗೆ, ಮದುವೆಗೆ ಹೋದವರು ಪುಸ್ತಕದ ಅಂಗಡಿಯಲ್ಲಿ ವಿಚಾರಿಸಬಹುದು. ಒಂದನ್ನೇ ಕೊಳ್ಳುವವರು 'ಪರಿಸರದ ಕತೆ'ಯನ್ನು ಕೊಳ್ಳಲಿ. ಬೆಲೆ ಹೆಚ್ಚಿಲ್ಲ, ಅಕ್ಷರ ದಪ್ಪ, ಭಾಷೆ ಸುಲಭ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ತೆಲುಗು ಕಲಿತ ಮಕ್ಕಳಿಗೆ ಓದುವುದು ಮೊದಮೊದಲು ತಡೆಯುತ್ತದೆ. ಅಂಥವರಿಗೆ ರಾತ್ರಿ ಉಂಡ ಮೇಲೆ ಯಾರಾದರೊಬ್ಬರು ಗಟ್ಟಿಯಾಗಿ ಓದಿ ಹೇಳಬೇಕು. ಕಿವಿ ಎಂಬ ನಾಯಿಯ ಕಥೆಯಿಂದ ಆರಂಭಿಸಿದರೆ ಮಕ್ಕಳು ಏಳುವುದಿಲ್ಲವೆಂಬುದು ನಮ್ಮ ಅನುಭವ.